ನಮ್ಮ ಝೆನ್‌ಗೆ ಗುಜರಿಯಿಂದ ಬಂದ ಬಾಗಿಲು

ತುಮಕೂರಿನ ನಮ್ಮ ಮನೆಯ ಮುಂದೆ ನಿಲ್ಲುವ ಬಿಳಿ ಮಾರುತಿ ಝೆನ್ ಕಾರು 1999ರದು, ಅಪ್ಪ ಕೊಂಡದ್ದು. ಮೂರು ವರ್ಷದ ಹಿಂದೆ ಅಡ್ಡರಸ್ತೆಯಿಂದ ನುಗ್ಗಿದ ಸರಕಿನ ಆಟೊ ಅದರ ಎಡಗಡೆಗೆ ಗುದ್ದಿತು. ಬಾನೆಟ್ ಮಡಿಚಿಕೊಂಡಿತು, ಮುಂಚಕ್ರದ ಮೇಲಿನ ತಗಡು, ಅಂದರೆ ಫೆಂಡರ್, ಹರಿಯಿತು, ಮುಂದಿನ ಬಾಗಿಲು ಒಳಕ್ಕೆ ಕುಸಿಯಿತು. ಆ ಕಾರಿನ ತಯಾರಿಕೆ 2006ರಲ್ಲೇ ನಿಂತಿದೆ. ಬಿಡಿಭಾಗದ ಅಂಗಡಿಗಳಲ್ಲಿ ಹೊಸ ಬಾಗಿಲು ಸಿಗಲಿಲ್ಲ. ಸಿಕ್ಕ ಹೊಸ ಫೆಂಡರ್ ಕಂಪನಿಯದಲ್ಲ, ಹೆಬ್ಬೆರಳಿನಿಂದ ಒತ್ತಿದರೆ ತಗ್ಗುವಷ್ಟು ತೆಳು. ಹಳೆಯದಾದರೂ ಸರಿ, ಕಂಪನಿಯ ತಗಡೇ ಬೇಕೆಂದು ಬೆಂಗಳೂರಿನ ಶಿವಾಜಿನಗರದ ಗುಜರಿಗೆ ಹೋದೆ.

ಮೊದಲ ಸಲ ಒಬ್ಬನೇ ಹೋಗಬಾರದಿತ್ತು. ನಮ್ಮ ಕಾರಿನದೇ ಬಿಳಿ ಬಣ್ಣದ, ಥಳಥಳಿಸುವ ಬಾಗಿಲೊಂದನ್ನು ಕಂಡ ಕೂಡಲೇ ದುಡ್ಡು ಕೊಟ್ಟು ತಂದೆ. ನಮ್ಮ ಟಿಂಕರಿಂಗ್ ಮೇಸ್ತ್ರಿ ಬೆರಳ ಗೆಣ್ಣಿನಿಂದ ತಟ್ಟಿದರು. ತಗಡಿನ ಸದ್ದೇ ಬರಲಿಲ್ಲ. ಕೆರೆದು ನೋಡಿದರೆ ಕೆಳಗಿನ ಅರ್ಧದಲ್ಲಿ ಬರೀ ಪುಟ್ಟಿ, ಅಂದರೆ ತಗ್ಗು ಮುಚ್ಚಲು ಮೆತ್ತುವ ಲೇಪ, ಅದರ ಹಿಂದೆ ತುಕ್ಕು. “ಸರ್, ನೀವು ಬಣ್ಣಕ್ಕೆ ದುಡ್ಡು ಕೊಟ್ಟು ಬಂದಿದ್ದೀರಿ” ಎಂದರು. ಆ ಮಾತು ಬಹಳ ದಿನ ಚುಚ್ಚಿತು.

ಎರಡನೆಯ ಸಲ ಅವರನ್ನೂ ಕರೆದುಕೊಂಡು ಹೋದೆ. ಜೇಬಿನಲ್ಲಿ ಟಾರ್ಚ್, ಅಳತೆಪಟ್ಟಿ, ತೆಳು ಬಟ್ಟೆಯಲ್ಲಿ ಸುತ್ತಿದ ಒಂದು ಆಯಸ್ಕಾಂತ. ಬರಿಯ ತಗಡಿಗೆ ಅದು ಗಟ್ಟಿಯಾಗಿ ಅಂಟುತ್ತದೆ, ಪುಟ್ಟಿ ಮೆತ್ತಿದಲ್ಲಿ ಜಾರಿ ಬೀಳುತ್ತದೆ.

ಬಾಗಿಲನ್ನು ನೋಡುವ ಕ್ರಮವನ್ನು ಮೇಸ್ತ್ರಿಯಿಂದಲೇ ಕಲಿತೆ. ಮಳೆನೀರು ಗಾಜಿನ ಮೇಲಿಂದ ಇಳಿದು ಬಾಗಿಲಿನ ಹೊಟ್ಟೆಗೆ ಹೋಗುತ್ತದೆ, ಅಡಿಯಲ್ಲಿರುವ ಸಣ್ಣ ತೂತುಗಳಿಂದ ಹೊರಗೆ ಬರುತ್ತದೆ. ಆ ತೂತುಗಳಲ್ಲಿ ಮಣ್ಣು ಕಟ್ಟಿಕೊಂಡರೆ ನೀರು ಅಲ್ಲೇ ನಿಂತು ಒಳಗಿನಿಂದ ತಿನ್ನತೊಡಗುತ್ತದೆ. ಹೊರಗಿನ ತಗಡನ್ನು ಒಳಗಿನದರ ಮೇಲೆ ಮಡಚಿರುವ ಕೆಳ ಅಂಚಿನಲ್ಲೇ ತುಕ್ಕು ಮೊದಲು ಹುಟ್ಟುವುದು. ಆದ್ದರಿಂದ ಅವರು ಬಾಗಿಲನ್ನು ತಲೆಕೆಳಗು ಮಾಡಿಸುತ್ತಿದ್ದರು, ರಬ್ಬರ್ ಎಳೆದು ಅಂಚಿನುದ್ದಕ್ಕೂ ಉಗುರು ಓಡಿಸುತ್ತಿದ್ದರು. ಬಣ್ಣ ಗುಳ್ಳೆ ಎದ್ದಿದ್ದರೆ ಬೇಡ. ಆ ಅಂಚಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರಂತೂ ಬೇಡವೇ ಬೇಡ. ಆಮೇಲೆ ಕೀಲು ಕೂರುವ ಜಾಗ. ಅಲ್ಲಿ ತಗಡು ಸೀಳಿದ್ದರೆ ಬಾಗಿಲು ಮುಂದೆಂದೂ ನೇರ ನಿಲ್ಲುವುದಿಲ್ಲ.

ಬಾನೆಟ್‌ಗೂ ಅಷ್ಟೇ, ಎತ್ತಿ ಒಳಮೈ ನೋಡಬೇಕು. ಹೊರಗಡೆ ಎಷ್ಟು ತಟ್ಟಿ ನೇರ ಮಾಡಿದ್ದರೂ ಒಳಗಿನ ಚೌಕಟ್ಟಿನ ಸುಕ್ಕು ಹೋಗಿರುವುದಿಲ್ಲ. “ಎಲ್ಲ ಝೆನ್‌ಗೂ ಒಂದೇ ಬಾನೆಟ್” ಎಂದು ಒಬ್ಬ ಅಂಗಡಿಯವರು ಒತ್ತಾಯಿಸಿದರು. ಹಾಗಲ್ಲ. 2003ರಲ್ಲಿ ಅದರ ಮುಖವೇ ಬದಲಾಗಿದೆ, ಹೆಡ್‌ಲೈಟ್ ಬೇರೆ, ಗ್ರಿಲ್ ಬೇರೆ. ನಮ್ಮ ಕಾರಿನ ಫೋಟೊ, ಅಳತೆ ಕೈಯಲ್ಲಿದ್ದುದರಿಂದ ಮೋಸಹೋಗದೆ ಉಳಿದೆವು.

ಕೊನೆಗೆ ಹಸಿರು ಬಾನೆಟ್, ಬೆಳ್ಳಿ ಬಣ್ಣದ ಫೆಂಡರ್, ಕೆಂಪು ಬಾಗಿಲು ಆರಿಸಿದೆವು. ನಮ್ಮ ಕಾರಿನದೇ ಬಿಳಿ ಸಿಕ್ಕಿದ್ದರೂ ಬಿಸಿಲಿಗೆ ಒಂದೊಂದು ಕಾರು ಒಂದೊಂದು ರೀತಿ ಮಾಸಿರುತ್ತದೆ, ಹೇಗೂ ಬಣ್ಣ ಹೊಡೆಸಲೇಬೇಕು. ಬಾಗಿಲನ್ನು ಗಾಜು, ಗಾಜೆತ್ತುವ ಹಿಡಿಕೆ, ಲಾಕ್ ಸಮೇತ ಕೊಂಡೆ. ಕೀಲಿಕೈ ತೂರಿಸುವ ಬೀಗದ ಭಾಗವನ್ನು ಮಾತ್ರ ನಮ್ಮ ಹಳೆಯ ಬಾಗಿಲಿನಿಂದ ತೆಗೆದು ಕೂರಿಸಿದ್ದರಿಂದ ಕೀಲಿಕೈ ಒಂದೇ ಉಳಿಯಿತು. ಕದ್ದ ಕಾರಿನ ಭಾಗ ಮನೆಗೆ ಬರಬಾರದೆಂದು ಸಾಮಾನಿನ ವಿವರ, ತಾರೀಖು, ಅಂಗಡಿಯ ಮೊಹರು ಇರುವ ರಸೀದಿ ಕೇಳಿದೆ. ಕೊಡುವುದಿಲ್ಲ ಎಂದವರಲ್ಲಿ ವ್ಯಾಪಾರ ಮಾಡಲಿಲ್ಲ.

ಗೆಳೆಯನ ಓಮ್ನಿಯ ಹಿಂದಿನ ಸೀಟು ಬಿಚ್ಚಿ, ಹಳೆಯ ಹಾಸಿಗೆಯ ನಡುವೆ ಎಲ್ಲವನ್ನೂ ನಿಲ್ಲಿಸಿ ತಂದೆವು. ಬಾನೆಟ್ಟನ್ನು ಮಲಗಿಸಿ ಅದರ ಮೇಲೆ ಭಾರ ಹೇರಿದರೆ ದಾರಿಯಲ್ಲೇ ತಗ್ಗು ಬೀಳುತ್ತದೆ.

ಬಣ್ಣಕ್ಕೆ ಮೊದಲು ಮೂರನ್ನೂ ಕಾರಿಗೆ ಜೋಡಿಸಿ, ಸಂದುಗಳು ಮೇಲಿಂದ ಕೆಳಗೆ ಒಂದೇ ಅಗಲಕ್ಕೆ ಬರುವವರೆಗೆ ಮೇಸ್ತ್ರಿ ಎರಡು ದಿನ ಕೀಲು, ಬೋಲ್ಟುಗಳನ್ನು ಸಡಿಲಿಸಿ ಬಿಗಿದರು. ಆ ಎರಡು ದಿನ ನಾಲ್ಕು ಬಣ್ಣ ಹೊತ್ತು ನಿಂತಿದ್ದ ಕಾರನ್ನು ನೋಡಿ ಅಮ್ಮನಿಗೆ ಅಳುವೇ ಬಂತು. ಬಣ್ಣವಾಗಿ ಮನೆಗೆ ಬಂದ ದಿನ ಅವರೇ ಎಡಗಡೆಯ ಬಾಗಿಲು ತೆಗೆದು, ಹಾಕಿ, ಮತ್ತೆ ತೆಗೆದು ಹಾಕಿ ನೋಡಿದರು.

ಈಗ ಪ್ರತಿ ಮಳೆಗಾಲಕ್ಕೆ ಮೊದಲು ಪೊರಕೆಕಡ್ಡಿ ಹಿಡಿದು ಕಾರಿನ ಪಕ್ಕ ಕೂರುತ್ತೇನೆ, ನಾಲ್ಕೂ ಬಾಗಿಲುಗಳ ಅಡಿಯ ತೂತುಗಳ ಮಣ್ಣು ತೆಗೆಯುತ್ತೇನೆ.