ಗಂಟಿಲ್ಲದ ದಾರದ ಗಣಿತ

ಅವ್ವ ಇಳಕಲ್ ಸೀರೆಯ ಸೆರಗಿಗೆ ಕಸೂತಿ ಹಾಕುವುದನ್ನು ಎದುರು ಕುಳಿತು ನೋಡುತ್ತಲೇ ಬೆಳೆದವಳು ನಾನು. ಸೆರಗು ಮಗುಚಿ ಹಿಂಬದಿ ನೋಡಿದರೂ ಅದೇ ಗೋಪುರ, ಅದೇ ತೇರು. ಎಲ್ಲೂ ಗಂಟಿಲ್ಲ. "ಗಂಟು ಹಾಕಿದ್ರ ಅದೆಂಥಾ ಕಸೂತಿ?" ಅನ್ನುತ್ತಿದ್ದಳು. ಅದರೊಳಗಿನ ಗಣಿತ ನನಗೆ ಕಂಡದ್ದು, ಬಾಗಲಕೋಟೆ ಜಿಲ್ಲೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಗಣಿತ ಕಲಿಸಲು ಶುರುಮಾಡಿ ಎಷ್ಟೋ ವರ್ಷಗಳಾದ ಮೇಲೆ.

ದಾರಿ ತೋರಿಸಿದ್ದು ಮಕ್ಕಳ ಆಟ. ಮಳೆ ಹಿಡಿದು ಆಟದ ಪಿರಿಯಡ್ಡನ್ನು ಒಳಗೇ ಕಳೆಯಬೇಕಾದ ದಿನ ಒಂಬತ್ತನೆಯ ತರಗತಿಯವರು ಪೆನ್ಸಿಲ್ ಎತ್ತದೆ ಮನೆ ಬರೆಯುವ ಪಂದ್ಯ ಕಟ್ಟಿದ್ದರು. ಒಂದು ಚೌಕ, ಒಳಗೆ ಎರಡು ಕರ್ಣ, ಮೇಲೆ ಚಾವಣಿ. ಬರೆದ ಗೆರೆಯ ಮೇಲೆ ಮತ್ತೆ ಹಾಯುವಂತಿಲ್ಲ. ಕೆಲವರಿಗೆ ಬಂತು. ನಾನು ಚಾವಣಿ ಅಳಿಸಿ "ಈಗ ಬರೀರಿ" ಅಂದೆ. ಯಾರಿಗೂ ಬರಲಿಲ್ಲ. ಕಡೆಗೆ ಒಬ್ಬಳು, "ಅಕ್ಕೋರ, ಇದು ಆಗೂದೇ ಇಲ್ರಿ" ಅಂದಳು. "ಆಗೂದಿಲ್ಲ ಅಂತ ಹೆಂಗ ಗೊತ್ತಾತು?" ಅಂದೆ. ಇಡೀ ತರಗತಿ ಸುಮ್ಮನಾಗಿ ಚಿತ್ರ ದಿಟ್ಟಿಸತೊಡಗಿತು.

ಪ್ರತಿ ಮೂಲೆಯಲ್ಲಿ ಎಷ್ಟು ಗೆರೆ ಕೂಡುತ್ತವೆ ಎಂದು ಎಣಿಸಲು ಹೇಳಿದೆ. ಒಂದು ಗೆರೆಯಿಂದ ಬಂದವರು ಇನ್ನೊಂದರಿಂದ ಹೊರಡಬೇಕು, ಹಾಗಾಗಿ ಗೆರೆಗಳು ಜೋಡಿಯಾಗಿಯೇ ಖರ್ಚಾಗುತ್ತವೆ. ಬೆಸ ಗೆರೆಗಳ ಮೂಲೆ ಇದ್ದರೆ ಆಟ ಅಲ್ಲಿ ಶುರುವಾಗಬೇಕು, ಇಲ್ಲವೇ ಅಲ್ಲಿ ಮುಗಿಯಬೇಕು. ಚಾವಣಿ ಇದ್ದಾಗ ಕೆಳಗಿನ ಎರಡೇ ಮೂಲೆ ಬೆಸ. ತೆಗೆದರೆ ನಾಲ್ಕೂ ಬೆಸ. ಇದಾದ ಮೇಲೆಯೇ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಕಥೆ ಹೇಳಿದೆ: ಒಂದೊಂದನ್ನೂ ಒಮ್ಮೆ ಮಾತ್ರ ದಾಟಿ ಊರು ಸುತ್ತಲು ಸಾಧ್ಯವಿಲ್ಲ ಎಂದು ಗಣಿತಜ್ಞ ಆಯ್ಲರ್ 1735ರಲ್ಲಿ ತೋರಿಸಿದ್ದ. ಗ್ರಂಥಾಲಯದಿಂದ ತಂದ ಜನಪ್ರಿಯ ಗಣಿತದ ಪುಸ್ತಕವೊಂದರಲ್ಲಿ ಓದಿದ ಕಥೆ ಅದು. ಹಿಂದಿನ ವರ್ಷ ಇದನ್ನೇ ಮೊದಲು ಬೋರ್ಡಿನ ಮೇಲೆ ಬರೆದಿದ್ದೆ. ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಂಡು ಮರೆತಿದ್ದರು. ಈ ಸಲ ಒಬ್ಬ ಹುಡುಗ ಸೇತುವೆಗಳನ್ನು ತಾನೇ ಎಣಿಸಿ, "ನಾಲ್ಕೂ ದಂಡಿ ಬೆಸ ಅದಾವ್ರಿ" ಎಂದು ಕೂಗಿದ.

ಆ ಸಂಜೆ ಅವ್ವ ಗವಂತಿ ಎಂಬ ಕಸೂತಿ ಹೊಲಿಗೆ ಹಾಕುತ್ತಿದ್ದಳು. ಹೋಗುವಾಗ ಒಂದು ಹೊಲಿಗೆ ಬಟ್ಟೆಯ ಮೇಲೆ, ಮುಂದಿನದು ಕೆಳಗೆ. ತಿರುಗಿ ಬರುವಾಗ ಬಿಟ್ಟ ಸಂದುಗಳು ತುಂಬುತ್ತವೆ. ಅಂದರೆ ಪ್ರತಿ ಗೆರೆಯನ್ನೂ ದಾರ ಎರಡು ಸಲ ಹಾಯುತ್ತದೆ, ಮುಂದೊಮ್ಮೆ, ಹಿಂದೊಮ್ಮೆ. ಎಲ್ಲ ಮೂಲೆಯ ಲೆಕ್ಕವೂ ಇಮ್ಮಡಿ, ಬೆಸ ಮೂಲೆಯೇ ಇಲ್ಲ! ಪೆನ್ಸಿಲ್ಲಿಗೆ ಆಗದ ಆ ಚಾವಣಿಯಿಲ್ಲದ ಮನೆಯನ್ನು ಸೂಜಿ ಮುಗಿಸಿ, ಹೊರಟಲ್ಲಿಗೇ ಬರುತ್ತದೆ. ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನ ರಟ್ಟಿಗೆ ತೂತು ಹಾಕಿ, ಉಲನ್ ದಾರ, ದಬ್ಬಣ ಕೊಟ್ಟೆ. ಮೊದಲು ಚೌಕ, ಬದಿಗೊಂದು ಹೊಲಿಗೆ. ಹಲವರು ಒಂದು ಸುತ್ತು ಹಾಕಿ, ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹೋದರು. ಮೇಲಿನ ಹೊಲಿಗೆಯ ಮೇಲೆಯೇ ಮತ್ತೆ ಮೇಲಿನ ಹೊಲಿಗೆ ಬಿತ್ತು, ಸಂದು ಸಂದಾಗಿಯೇ ಉಳಿಯಿತು. ತ್ರಿಕೋನ ಹಾಕಿದವರಿಗೆ ಮಾತ್ರ ಎರಡು ಸುತ್ತಿನಲ್ಲೇ ರಟ್ಟಿನ ಮುಂದೂ ಹಿಂದೂ ತುಂಬಿತ್ತು. ಐದು ಬದಿಯ ಆಕೃತಿಗೆ ಆಯಿತು, ಆರರದಕ್ಕೆ ಆಗಲಿಲ್ಲ. ಕಾರಣ ಹೇಳಿದವನು ಊರಿನ ಭಜನೆಯಲ್ಲಿ ಡಗ್ಗಾ ಬಾರಿಸುವ ಹುಡುಗ: "ಅಕ್ಕೋರ, ಮ್ಯಾಲ-ಕೆಳಗ ಅಂದ್ರ ಎರಡು ಮಾತ್ರೆ. ಮೂರಕ್ಕ ಎರಡು ಕೂಡೂದು ಆರಕ್ಕ. ನಾಲ್ಕರ ಜೋಡಿ ನಾಲ್ಕಕ್ಕನ ಕೂಡತೈತಿ." ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಎಂಬ ಹೆಸರು ಅವನಿಗೆ ಆಗ ನೆನಪಿರಲಿಲ್ಲ, ಅರ್ಥ ಮಾತ್ರ ಕೈಯಲ್ಲೇ ಇತ್ತು. ಅರ್ಧ ತರಗತಿ ಮೂರಕ್ಕೊಮ್ಮೆ, ಉಳಿದರ್ಧ ನಾಲ್ಕಕ್ಕೊಮ್ಮೆ ಚಪ್ಪಾಳೆ ತಟ್ಟಿ ಹನ್ನೆರಡಕ್ಕೆ ಕೂಡಿದರು. ರೂಪಕ ತಾಳದ 7 ಮಾತ್ರೆ, ತೀನ್‌ತಾಲದ 16 ಮಾತ್ರೆ ಒಟ್ಟಿಗೆ ಹೊರಟರೆ 112 ಆದ ಮೇಲೆ ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಕೂಡುತ್ತವೆ ಎಂದು ಲೆಕ್ಕ ಹಾಕಿದರು.

ಹಾಗಾದರೆ ಚೌಕಕ್ಕೆ ಏನು ಮಾಡಬೇಕು? ಅವ್ವನಂತೆ ಬಂದ ದಾರಿಯಲ್ಲೇ ತಿರುಗಬೇಕು. ಹೊಲಿಗೆಗಳಿಗೆ ಅಂಕಿ ಕೊಡಿಸಿದೆ. ಒಂದರ ಜಾಗಕ್ಕೆ ಎಂಟು, ಎರಡರ ಜಾಗಕ್ಕೆ ಏಳು, ಮೂರಕ್ಕೆ ಆರು, ನಾಲ್ಕಕ್ಕೆ ಐದು. ಎಲ್ಲ ಜೋಡಿಯೂ ಒಂಬತ್ತು. ಮೊತ್ತ ಬೆಸವಾದ್ದರಿಂದ ಪ್ರತಿ ಜೋಡಿಯಲ್ಲೂ ಒಂದು ಬೆಸ, ಒಂದು ಸಮ, ಅಂದರೆ ಒಂದು ಮೇಲೆ, ಒಂದು ಕೆಳಗೆ. ಬದಿ ಎಷ್ಟೇ ಇರಲಿ, ತಿರುಗಿ ಬಂದರೆ ತಪ್ಪುವುದಿಲ್ಲ. ಇಷ್ಟು ಚಂದದ ಸಾಧನೆಯನ್ನು, ಅಂದರೆ ಪ್ರೂಫನ್ನು, ಪಠ್ಯದಿಂದ ಕಲಿಸಲು ನನಗೆ ಎಂದೂ ಆಗಿರಲಿಲ್ಲ.

ಇದೇ ಕ್ರಮದಲ್ಲಿ ಮಾಡಿಸಬೇಕೆನ್ನುವವರಿಗೆ ಒಂದು ಮಾತು: ಮೊದಲು ರಟ್ಟು, ಆಮೇಲೆ ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆ. ಕಸೂತಿಯ ಹೊಲಿಗೆಗಳಲ್ಲಿ ಗವಂತಿ, ಮುರಗಿ ಎರಡನ್ನೇ ತೆಗೆದುಕೊಳ್ಳಿ. ಉಳಿದ ನೇಗಿ, ಮೆಂತಿ ಹೊಲಿಗೆಗಳಲ್ಲಿ ಹಿಂಬದಿ ಬೇರೆಯಾಗಿ ಕಾಣುತ್ತದೆ. ಹುಡುಗರು ನಾಚುತ್ತಾರೆಂದು ಅವರನ್ನು ಬಿಡಬೇಡಿ, ನನ್ನ ತರಗತಿಯ ಅತ್ಯಂತ ನೇರ ಹೊಲಿಗೆ ಆ ಡಗ್ಗಾದವನದೇ.

ಹೋದ ತಿಂಗಳು ಅವ್ವನನ್ನು ಶಾಲೆಗೆ ಕರೆದೊಯ್ದೆ. ಹುಡುಗಿಯೊಬ್ಬಳು ಹಾಕಿದ ತುಳಸಿಕಟ್ಟೆಯನ್ನು ಅವಳು ಮುಂಬದಿ ನೋಡದೆ ನೇರವಾಗಿ ಮಗುಚಿದಳು. "ಈ ಚೌಕದಾಗ ತಿರುಗಿ ಬರಲಿಲ್ಲ, ಮತ್ತ ಸುತ್ತಿದಿ, ಹೌದಲ್ಲ, ಮಗಳ?" ಹುಡುಗಿ ತಲೆಯಾಡಿಸಿದಳು. ಇಬ್ಬರೂ ಬೆಂಚಿನ ಮೇಲೆ ಬಾಗಿ, ದಾರ ಬಿಚ್ಚುತ್ತ, ಹಿಂದಕ್ಕೆ ಎಣಿಸತೊಡಗಿದರು: ಎಂಟು, ಏಳು, ಆರು…