ಟೇಕಾಫ್ ಆದ ಕೂಡಲೇ ಎಂಜಿನ್ ಓವರ್‌ಹೀಟ್ ದೀಪ ಹೊತ್ತಿದರೆ ಏನು ಮಾಡಬೇಕು?

ಚಕ್ರ ಈಗಷ್ಟೇ ರನ್‌ವೇ ಬಿಟ್ಟಿದೆ. ಕಣ್ಣೆದುರು ಹಳದಿ ಎಚ್ಚರಿಕೆ ದೀಪ. ಎಂಜಿನ್ ಬಲ ಹೆಚ್ಚು-ಕಡಿಮೆ ಮಾಡುವ ಲಿವರ್‌ಗಳ ಹಿಂದಿನ ಪ್ಯಾನೆಲ್ ನೋಡಿದರೆ 'ಎಂಜಿನ್ 1 ಓವರ್‌ಹೀಟ್'. ಕೈ ತಾನಾಗೇ ಲಿವರ್ ಕಡೆ ಹೋಗುತ್ತದೆ, ಅಲ್ವಾ? ಅಲ್ಲೇ ತಡೆಯಿರಿ.

ಬೋಯಿಂಗ್ 737 ಇಟ್ಟುಕೊಂಡು ಹೇಳುತ್ತೇನೆ. ನೀವು ಹಾರಿಸುವ ವಿಮಾನ ಬೇರೆಯಾದರೆ ಅದರ ಚೆಕ್‌ಲಿಸ್ಟ್ ಹೇಳಿದ್ದೇ ಅಂತಿಮ.

ಮೊದಲು ವಿಮಾನ ಹಾರಿಸಿ. ಮೂತಿ, ವೇಗ, ದಿಕ್ಕು ಸರಿ ಇರಲಿ. ವಿಮಾನ ಏರುತ್ತಿದೆ ಅಂತ ಖಾತ್ರಿಯಾದ ಮೇಲೆ ಚಕ್ರ ಒಳಗೆಳೆಯಿರಿ. ಕನಿಷ್ಠ 400 ಅಡಿ ಏರುವ ತನಕ ಎಂಜಿನ್ ತಂಟೆಗೆ ಹೋಗಬೇಡಿ. ಬೆಂಕಿಯಾದರೆ ಕೆಂಪು ದೀಪ, ಜೊತೆಗೆ ಗಂಟೆ. ಈಗ ಬಂದಿರುವುದು ಹಳದಿ. ಬಿಸಿಯಾದ ಎಂಜಿನ್ ಇನ್ನೂ ತಳ್ಳುತ್ತಲೇ ಇದೆ, ನೆಲದ ಹತ್ತಿರ ಆ ಬಲ ನಿಮಗೆ ಬೇಕು.

ಆಮೇಲೆ ಯಾವ ಎಂಜಿನ್ ಅಂತ ಇಬ್ಬರೂ ನೋಡಿ, ಬಾಯಿಬಿಟ್ಟು ಹೇಳಿ. ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದೇ. 2015ರ ಫೆಬ್ರುವರಿ 4ರಂದು ತೈಪೆಯಿಂದ ಹೊರಟ ಟ್ರಾನ್ಸ್‌ಏಷ್ಯಾದ ಎಟಿಆರ್ 72ರಲ್ಲಿ ಬಲಗಡೆಯ ಎರಡನೇ ಎಂಜಿನ್ ಬಲ ಕಳೆದುಕೊಂಡಿತು, ಗಡಿಬಿಡಿಯಲ್ಲಿ ಪೈಲಟ್ ಚೆನ್ನಾಗಿ ಓಡುತ್ತಿದ್ದ ಒಂದನೇ ಎಂಜಿನ್ನನ್ನೇ ಆಫ್ ಮಾಡಿಬಿಟ್ಟರು, ವಿಮಾನ ಕೀಲಂಗ್ ನದಿಗೆ ಬಿತ್ತು. ಇದ್ದ 58 ಜನರಲ್ಲಿ 43 ಮಂದಿ ಸತ್ತರು. 1989ರ ಜನವರಿಯಲ್ಲಿ ಇಂಗ್ಲೆಂಡಿನ ಕೆಗ್‌ವರ್ತ್ ಬಳಿ 737 ಒಂದು ಬಿದ್ದಾಗಲೂ ಆಫ್ ಆಗಿದ್ದು ಸರಿಯಿದ್ದ ಎಂಜಿನ್ನೇ. ಅಲ್ಲಿ 47 ಜನ ಹೋದರು. ಎರಡು ಸೆಕೆಂಡು ನಿಂತು ನೋಡಿ.

ಈಗ ಆಟೋಥ್ರಾಟಲ್ (ಲಿವರ್‌ಗಳನ್ನು ತಾನಾಗೇ ನಡೆಸುವ ವ್ಯವಸ್ಥೆ) ಆಫ್ ಮಾಡಿ. ಇಲ್ಲದಿದ್ದರೆ ನೀವು ಹಿಂದೆಳೆದ ಲಿವರನ್ನು ಅದು ಮತ್ತೆ ಮುಂದೆ ತಳ್ಳಬಹುದು. ಒಬ್ಬರು ಲಿವರ್ ಮೇಲೆ ಕೈಯಿಟ್ಟು 'ಒಂದನೇ ಎಂಜಿನ್' ಅನ್ನಬೇಕು, ಇನ್ನೊಬ್ಬರು ಕಣ್ಣಾರೆ ನೋಡಿ 'ಹೌದು' ಅನ್ನಬೇಕು, ಆಮೇಲೆ ಪೂರ್ತಿ ಹಿಂದಕ್ಕೆ ಎಳೆಯಿರಿ.

ದೀಪ ಆರಿತೇ? ಎಂಜಿನ್ ನಡೆಯಲಿ, ದೀಪ ಮತ್ತೆ ಹೊತ್ತದಷ್ಟು ಕಡಿಮೆ ಬಲದಲ್ಲಿ. ಆರದಿದ್ದರೆ ಬೆಂಕಿಯ ಚೆಕ್‌ಲಿಸ್ಟಿಗೆ ಹೋಗಿ. ಎಂಜಿನ್ನಿಗೆ ಇಂಧನ ಬಿಡುವ ಸ್ಟಾರ್ಟ್ ಲಿವರನ್ನು ಕಟ್‌ಆಫ್‌ಗೆ (ಬಂದ್ ಸ್ಥಾನಕ್ಕೆ) ಹಾಕಿ, ಫೈರ್ ಸ್ವಿಚ್ ಮೇಲಕ್ಕೆ ಎಳೆಯಿರಿ. ಆ ಎಂಜಿನ್ನಿಗೆ ಹೋಗುವ ಇಂಧನ, ಹೈಡ್ರಾಲಿಕ್ ಎಣ್ಣೆ, ಅದರಿಂದ ಬರುವ ಬಿಸಿ ಗಾಳಿ ಎಲ್ಲವೂ ಬಂದ್ ಆಗುತ್ತವೆ. ಆಗಲೂ ದೀಪ ಉರಿಯುತ್ತಿದ್ದರೆ ಸ್ವಿಚ್ ತಿರುಗಿಸಿ, ಬೆಂಕಿ ಆರಿಸುವ ಬಾಟಲಿ ಖಾಲಿಯಾಗಲಿ. 30 ಸೆಕೆಂಡು ಕಾದು, ಇನ್ನೂ ಆರಿಲ್ಲ ಅಂದರೆ ಇನ್ನೊಂದು ಬಾಟಲಿ. ಇಲ್ಲೂ ಪ್ರತಿ ಸ್ವಿಚ್ಚಿಗೆ ಇಬ್ಬರ ಒಪ್ಪಿಗೆ ಬೇಕು.

ಟವರಿಗೆ ಹೇಳುವುದು ಇದೆಲ್ಲ ಹಿಡಿತಕ್ಕೆ ಬಂದ ಮೇಲೆ. ದೀಪ ಆರಿದ್ದರೆ ಮೂರು ಸಲ 'ಪ್ಯಾನ್ ಪ್ಯಾನ್' (ತುರ್ತು, ಆದರೆ ಸದ್ಯಕ್ಕೆ ಪ್ರಾಣಾಪಾಯವಿಲ್ಲ), ಬೆಂಕಿಯಿದ್ದರೆ 'ಮೇಡೇ' (ಪ್ರಾಣಾಪಾಯ). ಕ್ಯಾಬಿನ್ ಸಿಬ್ಬಂದಿಗೂ ತಿಳಿಸಿ. 737ಗೆ ಇಂಧನ ಹೊರಚೆಲ್ಲುವ ವ್ಯವಸ್ಥೆಯಿಲ್ಲ, ಹಾಗಾಗಿ ಭಾರ ಜಾಸ್ತಿ ಇದ್ದೇ ಇಳಿಯಬೇಕಾಗಬಹುದು; ಇಳಿದ ಮೇಲೆ ಎಂಜಿನಿಯರ್‌ಗಳು ಚಕ್ರ, ರೆಕ್ಕೆ ತಪಾಸಣೆ ಮಾಡುತ್ತಾರೆ. ಅಗ್ನಿಶಾಮಕ ವಾಹನ ರನ್‌ವೇ ಪಕ್ಕ ಕಾದಿರಲಿ ಅಂತ ಮೊದಲೇ ಕೇಳಿಕೊಳ್ಳಿ, ಬಿಸಿಯಾಗಿದ್ದು ಯಾವ ಕಡೆಯ ಎಂಜಿನ್ ಅಂತ ಅವರಿಗೂ ಹೇಳಿ.