ಗಡಿ ಬಂದೋಬಸ್ತ್‌ಗೆ ಎಷ್ಟು ಖರ್ಚಾಯಿತು? ಆರ್‌ಟಿಐನಲ್ಲಿ ಕೇಳುವುದು ಹೀಗೆ

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಶುರುವಾಗುವಾಗ ನಿಪ್ಪಾಣಿ ಹತ್ತಿರ, ಮಹಾರಾಷ್ಟ್ರ ಗಡಿಯಲ್ಲಿರುವ ಕೊಗನೊಳ್ಳಿ ಚೆಕ್‌ಪೋಸ್ಟ್ ದಾಟಿದವರಿಗೆ ಗೊತ್ತಿರುತ್ತದೆ. ಬ್ಯಾರಿಕೇಡ್, ಪೊಲೀಸ್ ವ್ಯಾನ್, ಪೇಪರ್ ತಟ್ಟೆ ಹಿಡಿದು ನಿಂತೇ ಉಪ್ಪಿಟ್ಟು ತಿನ್ನುವ ಕಾನ್‌ಸ್ಟೇಬಲ್‌ಗಳು. ಇದಕ್ಕೆಲ್ಲ ಎಷ್ಟು ದುಡ್ಡು ಹೋಯಿತು ಅಂತ ಕಟ್ಟೆ ಮೇಲೆ ಕೂತು ಸುಮ್ನೆ ವಾದ ಮಾಡುವ ಬದಲು 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ (ಆರ್‌ಟಿಐ) ಕೇಳಬಹುದು ಅಲ್ವಾ?

ಮೊದಲು ಯಾರಿಗೆ ಬರೆಯಬೇಕು ಅಂತ ನೋಡಿಕೊಳ್ಳಿ. ಬೆಳಗಾವಿ ನಗರಕ್ಕೆ ಪೊಲೀಸ್ ಕಮಿಷನರ್, ಉಳಿದ ಜಿಲ್ಲೆಗೆ ಎಸ್ಪಿ. ಕೊಗನೊಳ್ಳಿ ಎಸ್ಪಿ ಸಾಹೇಬರ ವ್ಯಾಪ್ತಿ. ತಪ್ಪಿ ಬೇರೆ ಕಡೆ ಹಾಕಿದರೂ ಚಿಂತೆಯಿಲ್ಲ, 5 ದಿನದೊಳಗೆ ಅವರೇ ಸರಿಯಾದ ಕಚೇರಿಗೆ ಕಳಿಸಬೇಕು. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೂ ಬಂದೋಬಸ್ತ್‌ಗೂ ಸಂಬಂಧವಿಲ್ಲ, ಹೆಸರಲ್ಲಿ 'ಗಡಿ' ಇದೆ ಅಷ್ಟೇ.

ಇನ್ನು ಪ್ರಶ್ನೆ. ಜನ ಎಡವುವುದು ಇಲ್ಲೇ. ನಾನು ಮೊದಲ ಸಲ 'ಇಷ್ಟೊಂದು ಖರ್ಚು ಯಾಕೆ ಮಾಡಿದಿರಿ?' ಅಂತ ಒಂದು ಕಚೇರಿಗೆ ಸಿಟ್ಟಲ್ಲಿ ಬರೆದಿದ್ದೆ. ಇದು ಮಾಹಿತಿಯಲ್ಲ ಅಂತ ಒಂದೇ ಸಾಲಿನ ಹಿಂಬರಹ ಬಂತು, ಬೇಜಾರಾದರೂ ಅವರು ಹೇಳಿದ್ದು ಸರಿಯೇ. ಆರ್‌ಟಿಐನಲ್ಲಿ ಸಿಗುವುದು ಕಡತದಲ್ಲಿ ಇರುವುದು ಮಾತ್ರ, ಕಾರಣ ಕೇಳಿದರೆ ಸಿಗಲ್ಲ. ಹೀಗೆ ಬರೆಯಿರಿ: 'ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಕೊಗನೊಳ್ಳಿ ಬಂದೋಬಸ್ತ್‌ಗೆ ಶಾಮಿಯಾನ, ಊಟ, ಬಾಡಿಗೆ ವಾಹನ, ಡೀಸೆಲ್, ಸಿಬ್ಬಂದಿ ಭತ್ಯೆಗೆ ಪಾವತಿಸಿದ ಬಿಲ್‌ಗಳ ಪ್ರತಿ ಕೊಡಿ.' ಎಷ್ಟು ಜನ ಎಲ್ಲೆಲ್ಲಿ ಕಾವಲಿದ್ದರು ಅಂತ ಸೇರಿಸಲೇಬೇಡಿ, ಭದ್ರತೆ ಅಂತ ಹೇಳಿ, ಮಾಹಿತಿ ನಿರಾಕರಿಸಲು ಬಿಡುವ ಸೆಕ್ಷನ್ 8 ತೋರಿಸಿ ಇಡೀ ಅರ್ಜಿಯನ್ನೇ ಪಕ್ಕಕ್ಕಿಡಬಹುದು. ಅಧಿವೇಶನ ಮುಗಿದು ಈ ಖರ್ಚಿನ ಬಿಲ್‌ಗಳು ಪಾಸಾದ ಮೇಲೆ ಹಾಕಿದರೆ ಒಳ್ಳೆಯದು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು.

ಒಂದು ಮಾತು ನೆನಪಿರಲಿ. ಹೀಗೆ ಬರುವ ಲೆಕ್ಕ ಪೂರ್ತಿ ಲೆಕ್ಕವಲ್ಲ. ಪೊಲೀಸರ ಸಂಬಳ ಈ ಬಿಲ್‌ಗಳಲ್ಲಿ ಇರುವುದಿಲ್ಲ, ಅದು ರಾಜ್ಯ ಬಜೆಟ್‌ನ 2055 ಅನ್ನೋ ಲೆಕ್ಕ ಶೀರ್ಷಿಕೆಯಡಿ ಇಡೀ ಇಲಾಖೆಗೆ ಸೇರಿ ಇರುತ್ತದೆ. ಹಣಕಾಸು ಇಲಾಖೆಯ ವೆಬ್‌ಸೈಟ್‌ನಲ್ಲಿ ಬಜೆಟ್ ಪುಸ್ತಕಗಳಿವೆ, ಆರ್‌ಟಿಐ ಬೇಕಿಲ್ಲ.

ಅರ್ಜಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ. ಬಿಪಿಎಲ್ ಆಗಿದ್ದರೆ ಶುಲ್ಕವಿಲ್ಲ, ಕಾರ್ಡಿನ ಜೆರಾಕ್ಸ್ ಇಡಿ. ಕೈಯಲ್ಲೇ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಮೆಟ್ಟಿಲು ಇಳಿಯಬೇಡಿ. 30 ದಿನ ಕಾಯಿರಿ. ಪ್ರತಿಗೆ ಪುಟಕ್ಕೆ 2 ರೂಪಾಯಿ. ಗಡುವು ಮೀರಿದ ಮೇಲೆ ಕೊಟ್ಟರೆ ಅದೂ ಪುಕ್ಕಟೆ. ಉತ್ತರವೇ ಬರದಿದ್ದರೆ ಮುಂದಿನ 30 ದಿನದೊಳಗೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ, ಆಗ ಆ ಸೀಲಿನ ಪ್ರತಿಯೇ ಬೇಕಾಗುವುದು.